ಕಮಟು

ಮಾರ್ಚ್ ೪, ಸೋಮವಾರ

…ಅಷ್ಟೊಂದು ಎಣ್ಣೆ ಮನೆಯಲ್ಲೇ ಇಟ್ಟುಕೊಂಡು, ಎಂದಳೋ. ಅಷ್ಟೊಂದು ಎಣ್ಣೆ ಮನೆಯಲ್ಲೇ ಇದ್ದೂ, ಎಂದಳೋ. ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಇಟ್ಟುಕೊಂಡವನು ಒಬ್ಬನಿದ್ದಾನೆ. ಎರಡನೆಯದರಲ್ಲಿ ಎಣ್ಣೆ ತನ್ನ ಪಾಡಿಗೆ ತಾನಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಹೆಂಡತಿಯ ತಂಗಿ ಗೋಡೆಗೆ ತಲೆಯಾನಿಸಿ ಈ ವಾಕ್ಯ ಶುರು ಮಾಡಿದ್ದಳು. ಅಷ್ಟರಲ್ಲಿ ಯಾರದೋ ಸ್ಟ್ರೆಚರು ಬಂತು, ಇಬ್ಬರೂ ಸರಿದು ದಾರಿ ಬಿಟ್ಟೆವು. ವಾಕ್ಯ ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದು ನನ್ನ ಹೆಂಡತಿಯ ಹೃದಯ ನಿಂತಿತು ಎಂದರು, ಗಡಿಯಾರದ ವಿಷಯ ಹೇಳುವ ಹಾಗೆ.

ಇವತ್ತು ಮತ್ತೆ ಕೆಲಸಕ್ಕೆ ಹೋದೆ. ಗೇಟಿನ ಕಾವಲುಗಾರ ಎದ್ದು ನಿಂತ. ಹಿಂದೆಂದೂ ಎದ್ದವನಲ್ಲ.

ನಮ್ಮದು ಅಗಸೆ ಬೀಜವನ್ನು ಬಿಸಿ ತಾಕಿಸದೆ ಹಿಂಡುವ ಮಿಲ್ಲು. ಪ್ರತಿ ಟ್ಯಾಂಕಿನಿಂದಲೂ ಒಂದೆರಡು ಚಮಚ ಎಣ್ಣೆ ನೀಲಿ ಗಾಜಿನ ಬಟ್ಟಲಲ್ಲಿ ನನ್ನ ಮುಂದೆ ಬರುತ್ತದೆ. ಬಣ್ಣ ನೋಡಿ ಮೂಗು ಮೋಸಹೋಗಬಾರದೆಂದು ಗಾಜು ನೀಲಿ. ಬಟ್ಟಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮುಚ್ಚಳ ಸರಿಸಿ, ಮೂಸಿ, ಒಂದು ಮಾತು ಹೇಳಬೇಕು. ನಮ್ಮಲ್ಲಿ ಮೂರೇ ಮಾತು: ಸ್ವಚ್ಛ, ಸಂಶಯ, ಕಮಟು. ಕಮಟು ಎಂದರೆ ಆ ಟ್ಯಾಂಕು ಬಾಟಲಿಗೆ ಇಳಿಯುವುದಿಲ್ಲ. ಮಾತನ್ನು ನಾನು ಬರೆಯುವ ಹಾಗಿಲ್ಲ, ಬಾಯಿಬಿಟ್ಟು ಹೇಳಬೇಕು. ಪೆನ್ನಿನ ಶಾಯಿಗೂ ವಾಸನೆಯಿರುತ್ತದೆ.

ಇದನ್ನೆಲ್ಲ ನನಗೆ ನಾನೇ ಯಾಕೆ ವಿವರಿಸಿಕೊಳ್ಳುತ್ತಿದ್ದೇನೆ? ಮರೆತಿಲ್ಲವಷ್ಟೇ ಎಂದು ನೋಡಿಕೊಳ್ಳುವುದಕ್ಕಿರಬಹುದು.

ಬರೆದುಕೊಳ್ಳುವವಳು ಕೆಮಿಸ್ಟು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಮಾತಿನಲ್ಲಿ ಬಹಳ ದೊಡ್ಡವಳು. “ಬನ್ನಿ ಮೂಗು ಸರ್,” ಎಂದಳು. “ನೀವಿಲ್ದೆ ಎಲ್ಲಾನೂ ಮಿಷನ್ನೇ ಹೇಳ್ಬೇಕಾಯ್ತು. ಅದಕ್ಕೆ ಪಾಪ, ನಂಬರ್ ಬಿಟ್ರೆ ಬೇರೆ ಭಾಷೆ ಬರಲ್ಲ.” ಆಮೇಲೆ ಏನೋ ಹೇಳಲು ಹೋಗಿ ಬಟ್ಟಲುಗಳನ್ನು ಸರಿಯಾಗಿಟ್ಟಳು. ಅವು ಸರಿಯಾಗಿಯೇ ಇದ್ದವು.

ಎಲ್ಲ ಬಟ್ಟಲೂ ಸ್ವಚ್ಛ.

ಮಾರ್ಚ್ ೬, ಬುಧವಾರ

ಬಾಟಲಿಯ ಮೇಲೆ ಏನು ಬರೆಯಬೇಕೆಂದು ನೋಡಿಕೊಳ್ಳುವವರನ್ನು ಎಲ್ಲರೂ ಲೇಬಲ್ ಸಾಹೇಬರು ಎನ್ನುತ್ತಾರೆ. ಮಧ್ಯಾಹ್ನ ಲ್ಯಾಬಿನಲ್ಲಿ ಅವರಿಗೂ ಕೆಮಿಸ್ಟಿಗೂ ಜಟಾಪಟಿ. ನಾನು ಪಕ್ಕದ ಕೋಣೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದೆ.

“‘ಹೃದಯದ ಗೆಳೆಯ’ ಅಂತ ಹಾಕಿದ್ರೆ ಹೇಗೆ?”

“ಗೆಳೆಯ ಅಂದ್ರೆ ಏನ್ಮಾಡುತ್ತೆ ಅದು? ಊಟ ಆಯ್ತಾ ಅಂತ ಫೋನ್ ಮಾಡುತ್ತಾ?”

“ಸರಿ ಬಿಡು. ಮೀನಲ್ಲಿರೋ ಒಮೆಗಾ-ಮೂರೇ ಗಿಡದಲ್ಲೂ ಇದೆ ಅಂತ ಬರೀತೀನಿ.”

“ಅದೇ ಅಲ್ಲ ಸರ್ ಇದು! ಎಷ್ಟು ಸಲ ಹೇಳ್ಬೇಕು? ನಮ್ಮದು ಚಿಕ್ಕ ಸರಪಳಿ, ಮೀನಿನದು ಉದ್ದ. ಚಿಕ್ಕದನ್ನ ತಗೊಂಡು ದೇಹ ತಾನೇ ಉದ್ದ ಮಾಡ್ಕೋಬೇಕು. ಮಾಡ್ಕೊಳ್ಳೋದು ಎಷ್ಟು? ಚೂರೇ ಚೂರು. ಉಳಿದದ್ದನ್ನೆಲ್ಲ ಸೌದೆ ಥರ ಉರಿಸಿಬಿಡುತ್ತೆ.”

“ಚೂರೇ ಚೂರು ಅಂತ ಲೇಬಲ್ ಮೇಲೆ ಹಾಕೋಕಾಗುತ್ತೇನಮ್ಮ? ತಗೊಳ್ಳೋರು ಯಾರು?”

“ಒಳ್ಳೇ ಕೊಬ್ಬು ಅಂತ ಹಾಕಿ. ಸುಳ್ಳಲ್ಲ. ಊಟದಲ್ಲಿ ಇರ್ಲೇಬೇಕಾದ್ದು, ದೇಹಕ್ಕೆ ತಾನಾಗಿ ಮಾಡ್ಕೊಳ್ಳೋಕೆ ಬರಲ್ಲ. ಇದಕ್ಕಿಂತ ದೊಡ್ಡ ಮಾತು ಬೇಕಾ? ಹೃದಯ ಉಳಿಸುತ್ತೆ ಅಂತ ಮಾತ್ರ—”

ನಾನು ಬಾಗಿಲಿಗೆ ಬಂದಿದ್ದೆ. ಇಬ್ಬರೂ ನಿಂತುಹೋದರು. ಆಮೇಲೆ ಸಂಜೆಯವರೆಗೂ ಲೇಬಲ್ ಸಾಹೇಬರು ನನ್ನೆದುರು ಆ ಪದವನ್ನೇ ಆಡಲಿಲ್ಲ. ಒಮ್ಮೆ ಅನಿವಾರ್ಯವಾದಾಗ ‘ಆ ಭಾಗ’ ಎಂದರು.

ಹೆಂಡತಿಯ ಹೃದಯದ ಬಗ್ಗೆ ಡಾಕ್ಟರು ಎಚ್ಚರಿಸಿದ ಮೇಲೆ ನಾನು ತಿಂಗಳಿಗೊಂದು ಬಾಟಲಿ ಮನೆಗೆ ತರುತ್ತಿದ್ದೆ. ಅವಳು ಮೂಗು ಮುಚ್ಚಿಕೊಂಡು ದಿನಕ್ಕೊಂದು ಚಮಚ ಕುಡಿಯುತ್ತಿದ್ದಳು. ಚೂರೇ ಚೂರು ಬೇಕಾದದ್ದಾಗುತ್ತದೆ, ಉಳಿದದ್ದು ಉರಿದುಹೋಗುತ್ತದೆ. ಗಂಡ ಹೆಂಡತಿ ಆಡುವ ಮಾತೂ ಹೀಗೆಯೋ ಏನೋ. ಸುಲಭದ ಹೋಲಿಕೆ. ಹೊಡೆದುಹಾಕಬೇಕು.

ಮಾರ್ಚ್ ೯, ಶನಿವಾರ

ಮನೆಯ ಮುಂದಿನ ಕೋಣೆ ಅವಳದು. ಅವಳು ಹಳೆಯ ಕುರ್ಚಿಗಳನ್ನು ಸರಿಮಾಡುತ್ತಿದ್ದಳು. ಕಾಲು ಮುರಿದದ್ದು, ಬೆತ್ತ ಹರಿದದ್ದು, ಯಾರೋ ಬೇಡವೆಂದು ಬಿಸಾಡಿ ಇನ್ಯಾರೋ ಬೇಕೆಂದು ಎತ್ತಿಕೊಂಡು ಬಂದದ್ದು. ಉಜ್ಜಿ, ಅಂಟುಹಾಕಿ, ಕೊನೆಗೆ ಬಟ್ಟೆಯಲ್ಲಿ ಎಣ್ಣೆ ಅದ್ದಿ ತಿಕ್ಕುತ್ತಿದ್ದಳು. ಎಣ್ಣೆ ಎಂದರೆ ಅದೂ ಅಗಸೆ ಎಣ್ಣೆಯೇ. ಬಣ್ಣದಂಗಡಿಯಲ್ಲಿ ಸಿಗುವ ಕುದಿಸಿದ್ದು, ಬೇಗ ಒಣಗುತ್ತದೆ. ಮಿಲ್ಲಿನಲ್ಲಿ ನಾನು ದಿನವಿಡೀ ತಪ್ಪು ಎಂದು ಹುಡುಕುವ ವಾಸನೆ ಈ ಕೋಣೆಯಲ್ಲಿ ಗಾಳಿಯ ಜಾಗದಲ್ಲೇ ಇತ್ತು.

ಹಾಗಾಗಿ ಒಂದು ಏರ್ಪಾಡು. ಕೆಲಸದ ದಿನ ನಾನು ಈ ಕೋಣೆಗೆ ಹೋಗುವ ಹಾಗಿಲ್ಲ. ಮೊಣಕೈವರೆಗೂ ಸೋಪು ಹಾಕಿ ತೊಳೆಯದೆ ಅವಳು ಹೊರಗೆ ಬರುವ ಹಾಗಿಲ್ಲ. ಒಂದೇ ವಾಸನೆಯಲ್ಲಿ ಕೂತ ಮೂಗು ಆ ವಾಸನೆಯನ್ನು ಹೇಳುವುದನ್ನೇ ಬಿಟ್ಟುಬಿಡುತ್ತದೆ. ಏರ್ಪಾಡು ಮಾಡಿದವಳೂ ಅವಳೇ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲು ತುರುಕಿದವಳೂ ಅವಳೇ. ಮಾತುಕತೆ ಬಾಗಿಲ ಮೂಲಕ.

“ಏ ಮೂಗ, ಇದೀಯಾ?”

“ಹೂಂ.”

“ಹೂಂ ಅನ್ನೋದು ಗೋಡೆಗೂ ಬರುತ್ತೆ. ಇನ್ನೊಂದು ಅಕ್ಷರ ಸೇರಿಸು.”

ಮಿಲ್ಲಿನವರಿಗೆ ನಾನು ಮೂಗು. ಅವಳು ಅದರ ಕೊಂಬು ಕಿತ್ತುಹಾಕಿದ್ದಳು. “ಕೊಂಬೆಲ್ಲ ಅಲ್ಲೇ ಇಟ್ಟು ಬಾ. ನಮ್ಮನೇಲಿ ನೀನು ಬರೀ ಮೂಗ.”

ಒಮ್ಮೆ ಬಣ್ಣದಂಗಡಿ ಮುಚ್ಚಿತ್ತೆಂದು ನನ್ನ ಬಾಟಲಿಯನ್ನೇ ಕುರ್ಚಿಗೆ ಸುರಿದಿದ್ದಳು. ಕುದಿಸದ ಎಣ್ಣೆ, ವಾರಗಟ್ಟಲೆ ಒಣಗದೆ ಅಂಟಂಟಾಗಿ ಕೂತಿತ್ತು. ನೋಡಲು ಬಂದ ಗಿರಾಕಿ ಏಳುವಾಗ ಕುರ್ಚಿ ಅವನ ಪ್ಯಾಂಟನ್ನು ಬಿಡಲಿಲ್ಲ. “ನಿನ್ನ ಎಣ್ಣೆ ಥೇಟ್ ನಿನ್ನ ಹಾಗೇ ಕಣೋ,” ಎಂದಿದ್ದಳು. “ಒಳ್ಳೇದು ಒಳ್ಳೇದು ಅಂತಾರೆ ಎಲ್ಲರೂ. ಯಾವ ಕೆಲಸಕ್ಕೆ ಅಂತ ಕೇಳಿದ್ರೆ ಯಾರೂ ಹೇಳಲ್ಲ.”

“ಬಿಟ್ಟು ಹೋಗಲ್ಲ ಅಲ್ವಾ,” ಎಂದಿದ್ದೆ ನಾನು.

“ಅದೇ ತೊಂದರೆ,” ಎಂದಿದ್ದಳು.

ಇವತ್ತು ಆ ಬಾಗಿಲು ತೆರೆದೆ. ವಾಸನೆ ಇಡಿಯಾಗಿ ಇತ್ತು. ಮೂರು ಕುರ್ಚಿ, ಒಂದಕ್ಕೆ ಕೈಯಿಲ್ಲ. ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಾಗಿಲು ಮುಚ್ಚಿ ಟವೆಲನ್ನು ಮತ್ತೆ ಸಂದಿಗೆ ತುರುಕಿದೆ, ಎರಡು ಮಡಿಕೆ ಹೆಚ್ಚು ಮಾಡಿ.

ಮಾರ್ಚ್ ೧೩, ಬುಧವಾರ

ಅವಳ ತಂಗಿಗೆ ಫೋನು ಮಾಡಿದೆ. ಅವತ್ತು ಆಸ್ಪತ್ರೆಯಲ್ಲಿ ಎಣ್ಣೆಯ ಬಗ್ಗೆ ಏನೋ ಹೇಳಲು ಹೊರಟಿದ್ದೆಯಲ್ಲ, ಎಂದೆ.

“ನಾನಾ? ಎಣ್ಣೆ ಬಗ್ಗೆನಾ? ನನಗೆ ಅವತ್ತು ಏನು ಮಾತಾಡ್ದೆ ಅಂತಾನೇ ಗೊತ್ತಿಲ್ಲ ಭಾವ. ಯಾಕೆ, ಏನಾಯ್ತು?”

“ಏನಿಲ್ಲ.”

“ಊಟ ಮಾಡ್ತಿದೀರಾ ಸರಿಯಾಗಿ?”

“ಹೂಂ.”

“ನಿಮ್ಮ ‘ಹೂಂ’ ನನಗೆ ಗೊತ್ತಿಲ್ವಾ? ಏನು ತಿಂದ್ರಿ ಹೇಳಿ.”

ಬ್ರೆಡ್ಡು, ಬೇಯಿಸಿದ ಮೊಟ್ಟೆ ಎಂದೆ. ಅರ್ಧ ನಿಜ. ತಿಂಗಳ ಕೊನೆಗೆ ಬಂದು ಅಕ್ಕನ ಬಟ್ಟೆಗಳನ್ನು ನೋಡುತ್ತೇನೆ ಎಂದಳು.

ಕೋಣೆಯ ವಾಸನೆ ತೆಳುವಾಗಿದೆ. ಆಗಲೇಬೇಕು. ಅಗಸೆ ಎಣ್ಣೆ ಒಣಗುವುದು ನೀರು ಒಣಗಿದ ಹಾಗಲ್ಲ. ಅದು ಹಾರಿಹೋಗುವುದಿಲ್ಲ, ಗಾಳಿಯನ್ನು ಒಳಗೆಳೆದುಕೊಂಡು ಗಟ್ಟಿಯಾಗುತ್ತದೆ. ಅದರ ಅಣುವಿನ ಸರಪಳಿಯಲ್ಲಿ ಮೂರು ಕಡೆ ಹಿಡಿತ ಸಡಿಲ. ಬಾಲದಿಂದ ಎಣಿಸಿದರೆ ಮೂರನೆಯ ಕೊಂಡಿಯಲ್ಲೇ ಮೊದಲ ಸಡಿಲು ಸಿಗುತ್ತದೆ, ಅದಕ್ಕೇ ಒಮೆಗಾ-ಮೂರು ಎಂಬ ಹೆಸರು. ದೇಹಕ್ಕೆ ಬೇಕಾದದ್ದು ಆ ಸಡಿಲು. ಗಾಳಿ ಬಂದು ಕೈಹಾಕುವುದೂ ಅಲ್ಲಿಗೇ. ಬಾಟಲಿಯೊಳಗೆ ಇದಾದರೆ ಕಮಟು ಎನ್ನುತ್ತೇವೆ, ಕುರ್ಚಿಯ ಮೇಲಾದರೆ ಪಾಲಿಶು. ಪೂರ್ತಿ ಗಟ್ಟಿಯಾದ ಮೇಲೆ ವಾಸನೆ ಬಿಡುವುದು ನಿಲ್ಲುತ್ತದೆ. ಅವಳು ಕೊನೆಯದಾಗಿ ತಿಕ್ಕಿದ ಕುರ್ಚಿಗೆ ಈಗ ಮೂಗು ತಾಗಿಸಬೇಕು.

ತಾಗಿಸಿದೆ. ಸಂಶಯ.

ಮಾರ್ಚ್ ೧೮, ಸೋಮವಾರ

ಮೂರನೆಯ ಬಟ್ಟಲು.

ಮೊದಲೆರಡು ಎಂದಿನಂತೆ: ಹಸಿ ಹುಲ್ಲು, ಹುರಿಯದ ಬೀಜ, ನಾಲಿಗೆಯ ಹಿಂದೆ ಒಂದಿಷ್ಟು ಕಹಿ. ಮೂರನೆಯದರ ಮುಚ್ಚಳ ಸರಿಸಿದಾಗ ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆನ್ನಿಸಿತು. ಒಣ ಮರ. ಕತ್ತರಿಸಿದ ಬೆತ್ತದ ತುದಿ. ಕೆಲಸ ಮುಗಿಸಿ ತೊಳೆದು ಬಂದ ಕೈ, ಉಗುರಿನ ಸುತ್ತ ಸೋಪು ಮುಟ್ಟದೆ ಉಳಿದ ಜಾಗ. ಒಂದು ಸಲ ಮೂಸಿ ಕೆಳಗಿಡಬೇಕೆಂಬುದು ಪದ್ಧತಿ. ಬಟ್ಟಲು ಕೈಯಲ್ಲೇ ತಣ್ಣಗಾಯಿತು.

“ಸರ್?” ಎಂದಳು ಕೆಮಿಸ್ಟು.

“ಸ್ವಚ್ಛ.”

ಅವಳು ಬರೆಯಲಿಲ್ಲ. “ಮೂರನೇದನ್ನ ಇನ್ನೊಂದ್ಸಲ ನೋಡ್ತೀರಾ?”

“ಸ್ವಚ್ಛ ಅಂದೆನಲ್ಲ.”

“ಮಿಷನ್ ಸ್ವಲ್ಪ ಮೇಲೆ ತೋರಿಸ್ತಿದೆ.”

“ಗಡಿ ದಾಟಿದೆಯಾ?”

“ದಾಟಿಲ್ಲ. ಹೊಸಲಿನ ಮೇಲೆ ನಿಂತಿದೆ.”

“ಹಾಗಾದ್ರೆ ಒಳಗೇ ಇದೆ.”

ಬರೆದಳು. ಗಡಿಯಲ್ಲಿ ನಿಂತದ್ದಕ್ಕೆ ನನ್ನ ಮಾತೇ ಕೊನೆಯದು. ಹಾಗೆಂದು ಮಿಲ್ಲಿನ ನಿಯಮ.

ಈ ಸಲ ಬೀಜ ಬೇರೆ ಹೊಲದ್ದಿರಬೇಕು. ಮಣ್ಣು ಬದಲಾದರೆ ವಾಸನೆಯೂ ಸ್ವಲ್ಪ ಬದಲಾಗುತ್ತದೆ.

ಮಾರ್ಚ್ ೧೯, ಮಂಗಳವಾರ

ಚೆನ್ನಾಗಿ ನಿದ್ದೆ ಬಂತು. ಮುಂದಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದೆ. ಮಲಗುವ ಕೋಣೆಯ ಫ್ಯಾನು ಸದ್ದು ಮಾಡುತ್ತದೆ.

ಮಾರ್ಚ್ ೨೨, ಶುಕ್ರವಾರ

ಎರಡನೆಯ ಬಟ್ಟಲು, ಐದನೆಯದು. ಎರಡೂ ಸ್ವಚ್ಛ.

ಮೂಸಿ ಉಳಿದ ಎಣ್ಣೆಯನ್ನು ಹೇಗೂ ಚೆಲ್ಲುತ್ತಾರೆ. ಐದನೆಯದನ್ನು ಸಣ್ಣ ಶೀಶೆಯಲ್ಲಿ ಮನೆಗೆ ತಂದೆ. ತಟ್ಟೆಗೆ ಸುರಿದು ಮುಂದಿನ ಕೋಣೆಯ ಕಿಟಕಿಯಲ್ಲಿಟ್ಟೆ, ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಡೆ. ಕಪ್ಪು ಬಾಟಲಿ, ತಣ್ಣನೆಯ ಗೋದಾಮು, ಬೆಳಕು ತಾಗದಂತೆ ಕಾಗದ ಸುತ್ತಿದ ಪೆಟ್ಟಿಗೆ ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದವನು. ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಎರಡು ಮೂರು ದಿನದಲ್ಲಿ ಅದಕ್ಕೆ ವಾಸನೆ ಕಟ್ಟಬೇಕು.

ಮಾರ್ಚ್ ೨೬, ಮಂಗಳವಾರ

ಮಾಲೀಕರು ಕರೆಸಿದರು. ಮೇಜಿನ ಮೇಲೆ ನಮ್ಮದೇ ಬಾಟಲಿ, ಮುಚ್ಚಳ ಒಡೆದದ್ದು. ಲೇಬಲ್ ಸಾಹೇಬರು ಕಿಟಕಿಯ ಕಡೆ ಮುಖಮಾಡಿ ನಿಂತಿದ್ದರು. ಕೆಮಿಸ್ಟು ನೆಲ ನೋಡುತ್ತಿದ್ದಳು.

“ಕೂತ್ಕೊಳ್ಳಿ,” ಎಂದರು ಮಾಲೀಕರು. ಸಾಹೇಬರಿಗೆ, “ಆ ಹೆಂಗಸು ಫೋನಲ್ಲಿ ಏನಂದ್ರು, ಹೇಳಿ.”

“ಬಿಡಿ ಸರ್, ಈಗ ಯಾಕೆ…”

“ಹೇಳಿ.”

“‘ಬಾಗಿಲಿಗೆ ಬಣ್ಣ ಹೊಡೆದ ಹಾಗೆ ವಾಸನೆ ಬರ್ತಿದೆ’ ಅಂದ್ರು. ‘ನಮ್ಮ ಮಾವ ಒಂದು ಚಮಚ ಕುಡಿದು ಇಡೀ ದಿನ ತೇಗಿದಾರೆ. ಪ್ರತಿ ತೇಗಿಗೂ ನಮ್ಮನೆ ಹೊಸದಾಗಿ ಪೇಂಟ್ ಆದ ಹಾಗಿತ್ತು’ ಅಂದ್ರು.”

ಯಾರೂ ನಗಲಿಲ್ಲ. ನನಗೆ ಒಂದಿಷ್ಟು ನಗು ಬಂತು, ನಿನಗೆ ಹೇಳಬೇಕೆಂದುಕೊಂಡು.

“ಇನ್ನೂ ಎರಡು ಕಡೆಯಿಂದ ವಾಪಸ್ ಬಂದಿದೆ,” ಎಂದರು ಮಾಲೀಕರು. “ಎಲ್ಲಾ ಒಂದೇ ಟ್ಯಾಂಕು. ನೋಡಿ, ನಮ್ಮ ಎಣ್ಣೆ ಕುಡಿಯೋರು ಯಾರು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದ್ಸಲ ಎದೆ ಹಿಡ್ಕೊಂಡು ಆಸ್ಪತ್ರೆಗೆ ಹೋಗಿ ಬಂದೋರು. ಅವರ ಮನೆಯೋರು ನಂಬಿ ತಗೊಂಡು ಹೋಗ್ತಾರೆ.” ಬಾಟಲಿಯನ್ನು ಪಕ್ಕಕ್ಕೆ ಸರಿಸಿ, “ನಿಮ್ಮ ಮನಸ್ಸಿನ ಸ್ಥಿತಿ ನನಗೆ ಅರ್ಥ ಆಗುತ್ತೆ. ಮುಂದಿನ ಬುಧವಾರ ಐದು ಬಟ್ಟಲು ಇಡ್ತೀವಿ. ನಾನೂ ಕೂತಿರ್ತೀನಿ. ಸರಿಯಾಗಿ ಹೇಳಿದ್ರೆ ನಿಮ್ಮ ಕುರ್ಚಿ ನಿಮ್ಮದೇ. ಆಗ್ಲಿಲ್ಲ ಅಂದ್ರೆ ಗೋದಾಮು ನೋಡ್ಕೊಳ್ಳಿ. ಸಂಬಳ ಅಷ್ಟೇ ಇರುತ್ತೆ.”

ಒಳ್ಳೆಯ ಮನುಷ್ಯ. ಗೋದಾಮಿನಲ್ಲಿ ಮುಚ್ಚಿದ ಬಾಟಲಿಗಳು ಮಾತ್ರ. ಅಲ್ಲಿ ಯಾವ ವಾಸನೆಯೂ ಇಲ್ಲ.

ಕೆಲಸ ಹೋಗುತ್ತದೆಂಬ ಭಯವಲ್ಲ. ಬಟ್ಟಲು ಹೋಗುತ್ತದೆ.

ಮಾರ್ಚ್ ೨೯, ಶುಕ್ರವಾರ

ಊಟದ ಬಿಡುವಿನಲ್ಲಿ ಕೆಮಿಸ್ಟು ತಾನಾಗಿಯೇ ಬಟ್ಟಲುಗಳನ್ನು ಜೋಡಿಸಿದಳು. ಮಾಲೀಕರಿಗೆ ಹೇಳಿರಲಿಲ್ಲ. “ಸುಮ್ನೆ ಅಭ್ಯಾಸಕ್ಕೆ ಸರ್. ಪರೀಕ್ಷೆ ಮುಂಚೆ ಮಕ್ಕಳಿಗೆ ಮಾಡಿಸಲ್ವಾ, ಹಾಗೆ.” ಕೆಲವು ಹೊಸದು, ಕೆಲವು ಅವಳೇ ಬಿಸಿಲಿಗಿಟ್ಟು ಕೆಡಿಸಿದ್ದು. ಅವಳೂ ಬಿಸಿಲಿಗಿಡುತ್ತಾಳೆಂದು ತಿಳಿದು ಒಂದು ಕ್ಷಣ ಏನೋ ಸಮಾಧಾನವಾಯಿತು.

ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಎರಡು ಸುತ್ತು ಮುಗಿದ ಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಒಂದೊಂದೇ ಸಾಲು ಎಣಿಸಿದಳು.

“ಫೇಲಾ?” ಎಂದೆ.

“ಸರ್, ಒಂದು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು.”

“ಹೇಳು.”

“ಮೂಗು ಕೆಟ್ಟೋರು ಎರಡೂ ಕಡೆ ತಪ್ತಾರೆ. ಒಳ್ಳೇದನ್ನ ಕೆಟ್ಟದ್ದು ಅಂತಾರೆ, ಕೆಟ್ಟದ್ದನ್ನ ಒಳ್ಳೇದು ಅಂತಾರೆ. ನೀವು ಒಂದೇ ಕಡೆ ತಪ್ತಿದೀರಿ. ಒಳ್ಳೇದು ಒಂದೂ ತಪ್ಪಿಲ್ಲ. ಕೆಟ್ಟದ್ದು ಒಂದೂ ಸರಿಯಿಲ್ಲ. ಪ್ರತಿ ಸಲ, ಅದು ಬಂದಾಗ ಮಾತ್ರ, ಬಟ್ಟಲು ಕೆಳಗಿಡೋಕೆ ತಡ ಮಾಡ್ತೀರಿ.” ಅವಳ ದನಿ ಸಣ್ಣಗಾಯಿತು. “ನಿಮ್ಮ ಮೂಗಿಗೆ ಏನೂ ಆಗಿಲ್ಲ ಸರ್.”

“ಹೂಂ,” ಎಂದೆ.

ಅವಳು ಎದ್ದು ಬಟ್ಟಲು ತೊಳೆಯತೊಡಗಿದಳು. ನಲ್ಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟಿದ್ದಳು.

ನೀನಾದರೆ ಇನ್ನೊಂದು ಅಕ್ಷರ ಕೇಳುತ್ತಿದ್ದೆ. ಅವಳು ಕೇಳಲಿಲ್ಲ.

ಏಪ್ರಿಲ್ ೧, ಸೋಮವಾರ

ಕಿಟಕಿಯ ತಟ್ಟೆಯಲ್ಲಿ ಎಣ್ಣೆಯ ಮೇಲೆ ಕೆನೆಗಟ್ಟಿದೆ. ಬೆರಳಿನಿಂದ ಮುಟ್ಟಿದರೆ ಸುಕ್ಕಾಗುತ್ತದೆ. ಕೋಣೆ ತುಂಬ ನೀನೇ. ಬಾಗಿಲು ಮುಚ್ಚಿ ಕುರ್ಚಿಯಲ್ಲಿ ಕೂತಿದ್ದೆ, ಕೈಯಿಲ್ಲದ ಕುರ್ಚಿಯಲ್ಲಿ. ಕೈಯಿಡಲು ಹೋದಾಗಲೆಲ್ಲ ಒಂದು ಕಡೆ ಜಾರುತ್ತದೆ. ಮಾಡಿ ಮುಗಿಸಬಹುದಿತ್ತಲ್ಲ ಇದೊಂದನ್ನು.

ಅರ್ಧ ಗಂಟೆಯಾದ ಮೇಲೆ ಏನೂ ವಾಸನೆ ಬರುತ್ತಿರಲಿಲ್ಲ. ವಾಸನೆ ಅಲ್ಲೇ ಇತ್ತು. ಮೂಗು ಹೇಳುವುದನ್ನು ಬಿಟ್ಟಿತ್ತು. ಹೊರಗೆ ಹೋಗಿ ರಸ್ತೆಯ ತುದಿಯವರೆಗೂ ನಡೆದು ಬಂದೆ, ಮತ್ತೆ ಬಂತು. ಮತ್ತೆ ಕೂತೆ, ಮತ್ತೆ ಹೋಯಿತು. ಹೀಗೆ ಸಂಜೆಯವರೆಗೂ ಒಳಗೆ ಹೊರಗೆ. ಎದುರು ಮನೆಯಾತ ಗೇಟಿನಲ್ಲಿ ನಿಂತು, “ಏನು ಸಾರ್, ವಾಕಿಂಗಾ? ಒಳ್ಳೇದು, ಹಾರ್ಟಿಗೆ ಒಳ್ಳೇದು,” ಎಂದ.

ಇವತ್ತು ಕೆಲಸಕ್ಕೆ ರಜೆ ಹಾಕಿದ್ದೆ. ಬರೆಯುವುದು ಮರೆತಿತ್ತು.

ಏಪ್ರಿಲ್ ೩, ಬುಧವಾರ

ಐದು ಬಟ್ಟಲು. ಮಾಲೀಕರು ಗೋಡೆಯ ಬದಿಗೆ, ಕೈಕಟ್ಟಿಕೊಂಡು. ಕೆಮಿಸ್ಟು ಹಾಳೆ ಪೆನ್ನು ಹಿಡಿದು ನನ್ನಿಂದ ದೂರ. ಲೇಬಲ್ ಸಾಹೇಬರನ್ನು ಸೆಂಟು ಹಾಕಿದ್ದಾರೆಂದು ಹೊರಗೆ ಕಳಿಸಿದ್ದರು. ಅವರು ಬಾಗಿಲ ಗಾಜಿನಲ್ಲಿ ಮುಖ ಇಟ್ಟುಕೊಂಡು ನಿಂತಿದ್ದರು.

ಮೊದಲನೆಯದು ಸ್ವಚ್ಛ. ಅಂದೆ. ಎರಡನೆಯದರಲ್ಲಿ ನೀನಿದ್ದೆ.

ಇಲ್ಲಿ ಒಂದು ವಿಷಯ ಬರೆದಿಡಬೇಕು, ಸರಿಯಾಗಿ ಬರುತ್ತದೋ ಇಲ್ಲವೋ. ಆ ಬಟ್ಟಲು ಹಿಡಿದುಕೊಂಡಿದ್ದಾಗ ನನಗೆ ನೆನಪಾದದ್ದು ನಿನ್ನ ಕೋಣೆಯಲ್ಲ, ಕುರ್ಚಿಯಲ್ಲ. ನೀನು ಅಡುಗೆಮನೆಯಲ್ಲಿ ಚಮಚ ಹಿಡಿದು ನಿಂತದ್ದು. ಎಡಗೈಯಿಂದ ಮೂಗು ಒತ್ತಿ ಮುಚ್ಚಿಕೊಂಡು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ. ಆಮೇಲೆ ಮುಖ ಕಿವುಚಿ, “ಥೂ. ಚೆನ್ನಾಗಿದೆ ತಾನೆ ಇದು?” ಎಂದು ನನ್ನನ್ನೇ ಕೇಳುತ್ತಿದ್ದೆ. ನಾನು ಹೂಂ ಎನ್ನುತ್ತಿದ್ದೆ. ಆ ಒಂದು ‘ಹೂಂ’ಗೆ ಮಾತ್ರ ನೀನು ಇನ್ನೊಂದು ಅಕ್ಷರ ಕೇಳಿದವಳಲ್ಲ. ಮೂಗು ಮುಚ್ಚಿಕೊಂಡು ಕುಡಿಯುವವರು ಇನ್ನೊಬ್ಬರ ಮೂಗನ್ನು ನಂಬಿ ಕುಡಿಯುತ್ತಾರೆ. ತೇಗಿದ ಆ ಮಾವನೂ ಮೂಗು ಮುಚ್ಚಿಕೊಂಡೇ ಕುಡಿದಿರಬೇಕು.

ಕೆಮಿಸ್ಟು ಪೆನ್ನು ಎತ್ತಿರಲಿಲ್ಲ. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಬಟ್ಟಲು ಕೈಯಲ್ಲಿ ತಣ್ಣಗಾಗುತ್ತಿತ್ತು.

“ಕಮಟು,” ಎಂದೆ.

ಮೊದಲ ಸಲ ದನಿ ಸರಿಯಾಗಿ ಹೊರಡಲಿಲ್ಲ. “ಏನಂದ್ರಿ?” ಎಂದರು ಮಾಲೀಕರು. ಇನ್ನೊಮ್ಮೆ ಹೇಳಬೇಕಾಯಿತು. ಎದುರಿಗೆ ನಿಲ್ಲಿಸಿಕೊಂಡು ಬೈದ ಹಾಗಾಯಿತು. ಇಷ್ಟು ವರ್ಷದಲ್ಲಿ ನಿನಗೆ ಒಂದು ಕೆಟ್ಟ ಮಾತು ಆಡಿದವನಲ್ಲ; ಒಳ್ಳೆಯದೂ ಅಷ್ಟಾಗಿ ಆಡಲಿಲ್ಲ ಬಿಡು.

ಮೂರು, ನಾಲ್ಕು, ಸ್ವಚ್ಛ. ಐದನೆಯದು ಕಮಟು. ಅಲ್ಲಿಗೆ ಬರುವ ಹೊತ್ತಿಗೆ ಮಾತು ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು. ಅದೇ ಹೆಚ್ಚು ಕಷ್ಟವಾದದ್ದು.

ಬಾಗಿಲು ತೆರೆದುಕೊಂಡು ಲೇಬಲ್ ಸಾಹೇಬರು ನುಗ್ಗಿದರು. “ಮೂಗು ವಾಪಸ್ ಬಂತು! ಚಹಾ ಹೇಳ್ತೀನಿ, ಎಲ್ಲರಿಗೂ!” ಮಾಲೀಕರು ನನ್ನ ಭುಜ ತಟ್ಟಿದರು. ಕೆಮಿಸ್ಟು, “ಥ್ಯಾಂಕ್ಸ್ ಸರ್,” ಎಂದಳು. ಅವಳು ಯಾಕೆ ನನಗೆ ಥ್ಯಾಂಕ್ಸ್ ಹೇಳಬೇಕು? ಅವಳ ಕಣ್ಣು ಕೆಂಪಾಗಿತ್ತು.

ಮಧ್ಯಾಹ್ನದ ಮೇಲೆ ಹಿಂದಿನ ವಾರಗಳ ಟ್ಯಾಂಕುಗಳನ್ನು ಒಂದೊಂದಾಗಿ ಮೂಸಿದೆ. ಮೂರಕ್ಕೆ ಆ ಮಾತು ಹೇಳಿದೆ. ಅವನ್ನು ಡ್ರಮ್ಮುಗಳಿಗೆ ಇಳಿಸಿದರು. ಲೋಡ್ ಮಾಡುವಾತ ಚಾಕಿನ ತುಂಡು ಹಿಡಿದುಕೊಂಡು ಬಂದು, “ಇದರ ಮೇಲೆ ಏನಂತ ಬರೀಲಿ ಸಾರ್, ಎಲ್ಲಿಗೆ ಹೋಗುತ್ತೆ ಇದು?” ಎಂದ.

“ಮರಕ್ಕೆ,” ಎಂದೆ.

ಹಾಗೇ ಬರೆದ.

ಮನೆಗೆ ಬಂದು ಕಿಟಕಿಯ ತಟ್ಟೆ ತೊಳೆದೆ. ಕೆನೆ ಬಿಡಲಿಲ್ಲ, ಚಾಕುವಿನಿಂದ ಕೆರೆಯಬೇಕಾಯಿತು. ಕಿಟಕಿಗಳನ್ನೆಲ್ಲ ತೆರೆದೆ. ಸಂದಿಯ ಟವೆಲನ್ನು ಎಳೆದು ನೀರಿಗೆ ಹಾಕಿದೆ.

ಏಪ್ರಿಲ್ ೭, ಭಾನುವಾರ

ನಿನ್ನ ತಂಗಿ ಬಂದಿದ್ದಳು, ಹೇಳಿದ್ದಕ್ಕಿಂತ ಒಂದು ವಾರ ತಡವಾಗಿ. ಬಂದವಳೇ ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದಳು. “ಬ್ರೆಡ್ಡು, ಮೊಟ್ಟೆ ಅಂತೆ. ಮೊಟ್ಟೆ ಎಲ್ಲಿ ಭಾವ? ಕೋಳೀನೂ ಕಾಣಲ್ಲ ಇಲ್ಲಿ.” ಆಮೇಲೆ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು, “ಎಣ್ಣೆ ವಾಸನೆ ಪೂರ್ತಿ ಹೋಗಿದೆ ಅಲ್ವಾ,” ಎಂದಳು. ಹೋಗಿದೆ ಎಂದೆ. ನನಗೆ ಅದು ಗೊತ್ತಿತ್ತು. ಅದಕ್ಕೆ ನಾನು ತಯಾರಾಗಿದ್ದೆ.

ಕಪಾಟು ತೆರೆದು ನಿನ್ನ ಬಟ್ಟೆಗಳನ್ನು ಮಂಚದ ಮೇಲೆ ಹಾಕುತ್ತಿದ್ದಳು. ಇದು ನನಗೆ, ಇದು ಯಾರಿಗಾದರೂ, ಇದು ಯಾರಿಗೂ ಆಗಲ್ಲ. ತಳದಲ್ಲಿ ಬೂದು ಬಣ್ಣದ ಸ್ವೆಟರು. ನೀನು ಅದನ್ನು ಕೆಲಸದ ಕೋಣೆಗೆ ಎಂದೂ ಹಾಕಿಕೊಂಡು ಹೋದವಳಲ್ಲ. ಎಣ್ಣೆ ತಾಗಬಾರದೆಂದು ಒಳಗಡೆ ಮಾತ್ರ ಹಾಕುತ್ತಿದ್ದೆ, ನಾನಿರುವಾಗ. ಅವಳು ಅದನ್ನು ಮಡಿಸಲು ಹೋಗಿ ನಿಂತಳು. ಕುತ್ತಿಗೆಯ ಭಾಗವನ್ನು ಮುಖಕ್ಕೆ ಒತ್ತಿಕೊಂಡಳು. ಇಷ್ಟು ದಿನ ಗಟ್ಟಿಯಾಗಿದ್ದವಳು ಮಂಚದ ಮೇಲೆ ಕೂತುಬಿಟ್ಟಳು.

“ಅಕ್ಕನ ವಾಸನೆ ಹಾಗೇ ಇದೆ ಭಾವ,” ಎಂದಳು. “ಒಂಚೂರೂ ಹೋಗಿಲ್ಲ. ಚಿಕ್ಕವರಿದ್ದಾಗ ಒಂದೇ ಹಾಸಿಗೇಲಿ ಮಲಗ್ತಿದ್ವಿ. ಅದೇ ವಾಸನೆ. ನೋಡಿ.”

ಕೊಟ್ಟಳು. ನಾನು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಬಟ್ಟಲು ಹಿಡಿಯುವ ಹಾಗೆ, ಬೆಚ್ಚಗಾಗಲೆಂದು. ಮೂಸಿದೆ.

ಉಣ್ಣೆ. ಬಟ್ಟೆ ಸೋಪು. ಕಪಾಟಿನ ಹಲಗೆ.

ಇನ್ನೊಮ್ಮೆ. ಹೊರಗೆ ಜಗಲಿಗೆ ಹೋಗಿ, ಗಾಳಿ ಎಳೆದುಕೊಂಡು, ಮೂಗು ಖಾಲಿಮಾಡಿಕೊಂಡು ಬಂದು, ಮತ್ತೊಮ್ಮೆ. ಉಣ್ಣೆ. ಸೋಪು.

“ಬರ್ತಿದೆಯಲ್ವಾ?” ಎಂದಳು ನಿನ್ನ ತಂಗಿ.

“ಹೇಗಿದೆ ಅದು?” ಎಂದೆ.

“ಹೇಗಿದೆ ಅಂದ್ರೆ?” ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಅಕ್ಕನ ಥರ ಇದೆ.”

ಹೌದು ಎಂದೆ. ಸ್ವೆಟರನ್ನು ನೀವೇ ಇಟ್ಟುಕೊಳ್ಳಿ ಎಂದು ಅವಳು ಮಡಿಸಿ ನನ್ನ ದಿಂಬಿನ ಮೇಲಿಟ್ಟು ಹೋದಳು. ಬೇಡ, ನೀನು ತಗೊಂಡು ಹೋಗು, ನಿನ್ನ ಹತ್ತಿರವಾದರೆ ಅದರಲ್ಲಿ ಅವಳಿರುತ್ತಾಳೆ, ಎನ್ನಬೇಕಿತ್ತು. ಅಷ್ಟರಲ್ಲಿ ಗೇಟು ಹಾಕಿಕೊಂಡ ಸದ್ದು ಕೇಳಿಸಿತು.

ಸಂಜೆಯೆಲ್ಲ ಯೋಚಿಸಿದೆ. ಇದಕ್ಕೆ ಕಾರಣ ನನಗೆ ಗೊತ್ತಿದೆ, ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ: ಯಾವಾಗಲೂ ಇರುವುದನ್ನು ಮೂಗು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದದ್ದರಿಂದಲೇ ಸಿಗುತ್ತಿಲ್ಲ, ದೂರವಿದ್ದದ್ದರಿಂದ ಅಲ್ಲ. ಸರಿಯಾದ ವಿವರಣೆ. ಎಣ್ಣೆಯ ವಾಸನೆ ನನಗೆ ಸಿಗುತ್ತಿದ್ದುದು ಅದನ್ನು ನಾವು ಬಾಗಿಲಾಚೆ ಇಟ್ಟಿದ್ದೆವೆಂದು. ನಿನ್ನನ್ನು ಬಾಗಿಲ ಈಚೆಗೆ ಇಟ್ಟುಕೊಂಡಿದ್ದೆ. ಇಷ್ಟು ದಿನ ನಾನು ಬಟ್ಟಲಿಂದ ಬಟ್ಟಲಿಗೆ ಹುಡುಕಿದ್ದು ಬಣ್ಣದಂಗಡಿಯ ಡಬ್ಬಿಯನ್ನು.

ಎಣ್ಣೆ ತೊಳೆದು, ಕೈ ಒರೆಸಿಕೊಂಡು, ಬಾಗಿಲು ತೆಗೆದು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದೆಯಲ್ಲ, ಆಗ ನಿನ್ನ ವಾಸನೆ ಹೇಗಿರುತ್ತಿತ್ತೇ?